ಲಕೋಟೆಯ ಹೊರಮೈ

ಲಕೋಟೆಯನ್ನು ಒಡೆಯದೆಯೇ ಅಂಚೆಯವನು ಊರಿನ ಅರ್ಧ ಸಮಾಚಾರವನ್ನು ಬಲ್ಲವನಾಗಿದ್ದನೆಂಬುದು ನಮ್ಮ ವಾಚಕರಲ್ಲಿ ಹಿರಿಯರಾದವರಿಗೆ ತಿಳಿದ ಮಾತೇ ಆಗಿದೆ. ಯಾರಿಗೆ ವಾರಕ್ಕೊಂದು ಕಾಗದ ಬರುವುದು, ಯಾರಿಗೆ ವಕೀಲರ ನೋಟೀಸು ಬರುವುದು, ಯಾವ ಮನೆಯ ಸೊಸೆಗೆ ತವರಿನ ಪತ್ರವೇ ಬಾರದಾಗಿರುವುದು, ಇವೆಲ್ಲವೂ ವಿಳಾಸದಿಂದಲೇ ಅವನಿಗೆ ಗೋಚರವಾಗುತ್ತಿದ್ದವು. ಆದರೆ ಆತನು ಅದನ್ನು ಬರೆದು ಚಾವಡಿಯ ಗೋಡೆಗೆ ಅಂಟಿಸುತ್ತಿರಲಿಲ್ಲ.

ಇಂದು ಟಪ್ಪಾಲಿನ ಕಾರ್ಯವನ್ನು ಬಹುಮಟ್ಟಿಗೆ ಮೊಬೈಲಿನ ಸಂದೇಶ ಆಪ್‌ಗಳು ವಹಿಸಿಕೊಂಡಿವೆ. 2016ರಿಂದ ವಾಟ್ಸ್‌ಆಪ್ ಸಂದೇಶಗಳು ನಡುವೆ ಯಾರೂ ಓದಲಾಗದಂತೆ ಗೂಢಲಿಪಿಯಲ್ಲಿ ಸಾಗುತ್ತಿರುವುದು ಸಂತೋಷದ ಸಂಗತಿ. ಆದರೆ ಒಳಗಿನ ಕಾಗದಕ್ಕೆ ಮುದ್ರೆ ಬಿದ್ದ ಮಾತ್ರಕ್ಕೆ ಲಕೋಟೆಯ ಹೊರಮೈ ಮರೆಯಾಯಿತೆಂದು ಭಾವಿಸುವುದು ಭ್ರಮೆ. ಯಾರು ಯಾರೊಡನೆ, ಎಷ್ಟು ಸಲ, ಯಾವ ಹೊತ್ತಿನಲ್ಲಿ ಮಾತನಾಡಿದರೆಂಬ ಎಣಿಕೆಯೇ ಮನುಷ್ಯನ ಬಾಳನ್ನು ಬಯಲಿಗೆಳೆಯಬಲ್ಲುದು.

ಇದು ಕೇವಲ ಊಹೆಯಲ್ಲ. 2010ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯು ಜಿಮೇಲ್‌ನೊಳಗೆ ‘ಬಜ್’ ಎಂಬ ಸೇವೆಯನ್ನು ತೆರೆಯಿತು. ಬಳಕೆದಾರರು ಯಾರೊಡನೆ ಅಧಿಕವಾಗಿ ಪತ್ರವ್ಯವಹಾರ ನಡೆಸುತ್ತಿದ್ದರೋ ಅವರನ್ನು ಯಂತ್ರವೇ ಎಣಿಸಿ ಆರಿಸಿತು. ತಾವಾಗಿ ಮರೆಮಾಡದಿದ್ದಲ್ಲಿ ಆ ಪಟ್ಟಿಯು ಸಾರ್ವಜನಿಕರಿಗೆ ಕಾಣುವಂತಿತ್ತು. ಹೀಗೆ ಬಯಲಾದವರಲ್ಲಿ ವಿಚ್ಛೇದಿತ ದಂಪತಿಗಳು, ರೋಗಿಗಳು, ವಿದ್ಯಾರ್ಥಿಗಳು, ವ್ಯಾಪಾರದ ಪ್ರತಿಸ್ಪರ್ಧಿಗಳು ಇದ್ದರೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದೂರಿತು. ಸಂಸ್ಥೆಯು ಕೆಲವೇ ದಿನಗಳಲ್ಲಿ ಏರ್ಪಾಡನ್ನು ತಿದ್ದಿತು. 2011ರಲ್ಲಿ 20 ವರ್ಷಗಳ ಕಾಲ ಹೊರಗಿನವರ ತಪಾಸಣೆಗೆ ಒಳಪಡಲು ಒಪ್ಪಿತು. ಅದೇ ವರ್ಷ ಬಜ್ ಮುಚ್ಚಿತು.

ಸ್ನಾಪ್‌ಚಾಟ್‌ನ ಕಥೆಯಾದರೂ ಇದಕ್ಕಿಂತ ವಿಚಿತ್ರ. ನೋಡಿದೊಡನೆ ಅಳಿಯುವ ಚಿತ್ರಗಳೆಂಬುದೇ ಅದರ ಖ್ಯಾತಿ. ಆದರೆ ಮೊದಲ ವರ್ಷಗಳಲ್ಲಿ ಪ್ರತಿ ಸದಸ್ಯನ ‘ಪರಮಮಿತ್ರರ’ ಪಟ್ಟಿಯು ಇತರ ಸದಸ್ಯರಿಗೂ ಕಾಣುತ್ತಿತ್ತು. ಚಿತ್ರವು ಅಳಿಯಿತು, ಅದು ಯಾರಿಗೆ ಹೋಗುತ್ತಿತ್ತೆಂಬುದು ಉಳಿಯಿತು! 2015ರ ಜನವರಿಯಲ್ಲಿ ಆ ಬಹಿರಂಗ ಪಟ್ಟಿಯನ್ನು ತೆಗೆದುಹಾಕಲಾಯಿತು.

ತಪ್ಪಿಲ್ಲದವನಿಗೆ ಭಯವೇಕೆಂದು ಕೆಲವರು ಕೇಳುವರು. ಮನೋವೈದ್ಯರಿಗೆ ಪದೇ ಪದೇ ಬರೆಯುವ ತರುಣನು ಮಾಡಿದ ತಪ್ಪೇನು? ಗಂಡನ ಹೊಡೆತಕ್ಕೆ ಬೇಸತ್ತು ವಕೀಲರ ಸಲಹೆ ಕೇಳುವ ಗೃಹಿಣಿಯ ಅಪರಾಧವೇನು? ಕಚೇರಿಯ ಅಕ್ರಮವನ್ನು ಪತ್ರಕರ್ತರಿಗೆ ತಿಳಿಸುವ ಗುಮಾಸ್ತನ ಒಂದು ಅಕ್ಷರವನ್ನೂ ಓದಬೇಕಾಗಿಲ್ಲ. ಆತನ ಪಟ್ಟಿಯಲ್ಲಿ ಆ ಹೆಸರು ಮೇಲಿದ್ದರೆ ಸಾಕು, ಆತನ ಅನ್ನಕ್ಕೆ ಕಲ್ಲು ಬೀಳುವುದು. ನಮ್ಮ ಮನೆಗಳಲ್ಲಂತೂ ಮೊಬೈಲು ಮಕ್ಕಳಿಂದ ಹಿರಿಯರವರೆಗೆ ಕೈಯಿಂದ ಕೈಗೆ ಸಾಗುವ ವಸ್ತು. ವಾಟ್ಸ್‌ಆಪ್‌ನಲ್ಲಿ ಸಂದೇಶವೊಂದನ್ನು ಮುಂದಕ್ಕೆ ಕಳುಹಿಸಹೊರಟರೆ, ಆಗಾಗ ಸಂಪರ್ಕಿಸಿದವರ ಹೆಸರುಗಳೇ ಮೊದಲು ಎದುರಾಗುವುವು. ಲೋಕಕ್ಕೆ ಕಾಣದ ಪಟ್ಟಿಯೂ ಮನೆಯವರಿಗೆ ಕಾಣಬಹುದೆಂಬುದನ್ನು ಯಂತ್ರವನ್ನು ರಚಿಸಿದವರು ಎಣಿಸಿದಂತಿಲ್ಲ.

ಈ ವಿಷಯದಲ್ಲಿ ಕನ್ನಡಿಗರಿಗೆ ಹೆಮ್ಮೆಯ ಕಾರಣವೊಂದುಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬತ್ತು ಮೀರಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಏಕಮತದಿಂದ ಸಾರಿತು. ಜನರ ಸಮ್ಮತಿಯು ಸ್ವತಂತ್ರವೂ ತಿಳಿವಳಿಕೆಯಿಂದ ಕೂಡಿದುದೂ ಆಗಿರತಕ್ಕದ್ದೆಂಬ ತತ್ತ್ವವನ್ನು ಸಂಸತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದಲ್ಲಿ ಸೇರಿಸಿತು.

ಆದಕಾರಣ ನಮ್ಮ ಅಭಿಪ್ರಾಯವು ಸ್ಪಷ್ಟವಾಗಿದೆ. ಆಪ್ತರ ಪಟ್ಟಿಯು ಮೊದಲಿನಿಂದಲೇ ಮುಚ್ಚಿರತಕ್ಕದ್ದು. ತೆರೆಯುವ ಕೀಲಿಕೈ ಅದರ ಒಡೆಯನ ಬಳಿಯಲ್ಲಿಯೇ ಇರತಕ್ಕದ್ದು. ತೆರೆದಿಟ್ಟ ಬಾಗಿಲನ್ನು ಮನೆಯವನು ಮುಚ್ಚಲಿಲ್ಲವೆಂದು ಅದನ್ನೇ ಆಮಂತ್ರಣವೆಂದು ತಿಳಿಯುವುದು ಸಭ್ಯರ ಲಕ್ಷಣವಲ್ಲ. ಅಂಚೆಯವನಲ್ಲಿ ನಾವು ಕಂಡ ಆ ಮರ್ಯಾದೆಯನ್ನು ಯಂತ್ರದ ಒಡೆಯರಿಂದಲೂ ಅಪೇಕ್ಷಿಸುವುದು ಅತ್ಯಾಶೆಯಲ್ಲ.