ಗೋಡೆಗೆ ಮಣ್ಣು ತೆಗೆದ ಗುಂಡಿಯೇ ಮಳೆಗಾಲದ ಹೊಂಡ

2023ರ ಬರ ನೆನಪಿದೆಯಲ್ಲ ಗೆಳೆಯರೇ? ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರವೇ ಘೋಷಿಸಿತ್ತು. ಅದರ ಮುಂದಿನ ಬೇಸಿಗೆಯಲ್ಲಿ, ಚಿತ್ರದುರ್ಗ ಜಿಲ್ಲೆಯ ನಮ್ಮೂರಿನಲ್ಲಿ ನಾವು ಐದು ಮನೆಯವರು ಸೇರಿ ಬೀಜ ಮತ್ತು ಸಾಮಾನು ಇಡಲು ಒಂದು ಮಣ್ಣಿನ ಕೋಣೆ ಕಟ್ಟಿದೆವು, ಪಕ್ಕದಲ್ಲೇ ಕೈತೋಟ ಮಾಡಿದೆವು. ಕೂಲಿ ಕೊಡಲಿಲ್ಲ, ಮುಯ್ಯಾಳು ಲೆಕ್ಕದಲ್ಲಿ ಕೆಲಸ. "ಕುಡಿಯೋಕೇ ನೀರಿಲ್ಲ, ಈಗ ಮಣ್ಣು ಕಲಸ್ತೀರೇನ್ರಪ್ಪಾ?" ಅಂತ ಊರ ಹಿರಿಯರು ಕೇಳಿದರು. ನ್ಯಾಯವಾದ ಪ್ರಶ್ನೆ. ಹಾಗಾಗಿ ಮೊದಲು ನೀರಿನ ಲೆಕ್ಕ ಹಾಕಿ, ಆಮೇಲೆ ಗುದ್ದಲಿ ಹಿಡಿದೆವು.

ನೀರಿನ ಲೆಕ್ಕ

ಗೋಡೆಯ ಒಟ್ಟು ಉದ್ದ 70 ಅಡಿ, ದಪ್ಪ ಒಂದೂವರೆ ಅಡಿ, ಎತ್ತರ 8 ಅಡಿ. ಗುಣಿಸಿದರೆ 840 ಘನ ಅಡಿ ಮಣ್ಣು. ಅಷ್ಟು ಮಣ್ಣು ಕಲಸಲು ಆರೇಳು ಸಾವಿರ ಲೀಟರ್ ನೀರು ಬೇಕು. ಸಣ್ಣ ಮಾತಲ್ಲ. ಆದರೆ ಸಿಮೆಂಟ್ ಇಲ್ಲದ ಮಣ್ಣಿಗೆ ಕುಡಿಯುವ ನೀರೇ ಬೇಕು ಅಂತಿಲ್ಲ, ಬಚ್ಚಲ ನೀರು ಸಾಕು. ಐದು ಮನೆಯ ಬಚ್ಚಲಿನಿಂದ ದಿನಕ್ಕೆ 500 ಲೀಟರ್ ಸಿಗುತ್ತಿತ್ತು. ಟಾರ್ಪಾಲ್ ಹಾಸಿದ ಗುಂಡಿಯಲ್ಲಿ ರಾತ್ರಿ ಮಣ್ಣು ನೆನೆಹಾಕಿ, ಬೆಳಿಗ್ಗೆ ತುಳಿಯುತ್ತಿದ್ದೆವು. ಬಚ್ಚಲ ನೀರನ್ನು ಒಂದು ದಿನಕ್ಕಿಂತ ಹೆಚ್ಚು ಇಡಬೇಡಿ, ವಾಸನೆ ಬರುತ್ತೆ.

ಇನ್ನೊಂದು ಲಾಭ: ಹಸಿಮಣ್ಣಿನ ಗೋಡೆಗೆ ಕ್ಯೂರಿಂಗ್ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರ ಅಭಿವೃದ್ಧಿಪಡಿಸಿದ ಒತ್ತಿದ ಮಣ್ಣಿನ ಇಟ್ಟಿಗೆ ಗಟ್ಟಿ, ಅಂದ. ಆದರೆ ಅದಕ್ಕೆ ಸ್ವಲ್ಪ ಸಿಮೆಂಟ್ ಸೇರುವುದರಿಂದ ಎರಡು-ಮೂರು ವಾರ ನೀರು ಹೊಡೆಯಬೇಕು. ನೀರಿದ್ದ ವರ್ಷ ಅದನ್ನು ಮಾಡಿ.

ಮಣ್ಣು ಪರೀಕ್ಷೆ ಹೀಗೆ

ಮೇಲಿನ ಒಂದು ಅಡಿ ಮಣ್ಣು ಗೋಡೆಗೆ ಬೇಡ. ಅದರಲ್ಲಿ ಸಾರ ಇದೆ, ತೋಟಕ್ಕೆ ತೆಗೆದಿಡಿ. ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಮೇಲೆ ನುಣ್ಣನೆಯ ಜೇಡಿ ಪದರ ಕೂರುತ್ತೆ. ಜೇಡಿ ಐದನೇ ಒಂದು ಭಾಗದಷ್ಟಿದ್ದರೆ ಒಳ್ಳೇದು. ಜಾಸ್ತಿ ಇದ್ದರೆ ಮರಳು ಸೇರಿಸಿ. ಬರೀ ಎರೆಮಣ್ಣಿನಲ್ಲಿ ಕಟ್ಟಬೇಡಿ, ಒಣಗಿದಾಗ ಬಿರುಕು ಬಿಡುತ್ತೆ.

ಗೋಡೆಗೆ ನಾರು ಬೇಕು. ಎಲ್ಲರೂ ಹುಲ್ಲು ಹಾಕ್ತಾರೆ. ಬರಗಾಲದಲ್ಲಿ ಹುಲ್ಲು ದನಗಳ ಬಾಯಿಗೆ ಹೋಗಬೇಕು, ಗೋಡೆಗಲ್ಲ. ನಾವು ತೆಂಗಿನ ನಾರು ಹಾಕಿದೆವು.

ಕಲ್ಲಿನ ತಳಪಾಯ ನೆಲದಿಂದ ಒಂದೂವರೆ ಅಡಿ ಮೇಲಿರಲಿ, ಇಲ್ಲದಿದ್ದರೆ ಮಳೆ ನೀರು ಸಿಡಿದು ಗೋಡೆಯ ಬುಡ ಕೊರೆಯುತ್ತೆ. ಒಂದು ಸುತ್ತಿಗೆ ಒಂದೂವರೆ ಅಡಿಗಿಂತ ಹೆಚ್ಚು ಏರಿಸಬೇಡಿ. ಮೂರು-ನಾಲ್ಕು ದಿನ ಒಣಗಲು ಬಿಟ್ಟು ಮುಂದಿನ ಸುತ್ತು. ಏಪ್ರಿಲ್-ಮೇ ತಿಂಗಳ ಅಕಾಲ ಮಳೆ ಹಸಿ ಗೋಡೆಯನ್ನು ಕೆಡವಬಹುದು. ಮೇಘದೂತ್ ಆ್ಯಪ್‌ನಲ್ಲಿ ಮುನ್ಸೂಚನೆ ನೋಡಿಕೊಂಡೇ ಸುತ್ತು ಶುರುಮಾಡಿ, ಟಾರ್ಪಾಲ್ ಕೈಗೆ ಸಿಗುವ ಹಾಗಿರಲಿ.

ಗುಂಡಿ ಮುಚ್ಚಬೇಡಿ

ಈಗ ಮುಖ್ಯ ವಿಷಯ. 840 ಘನ ಅಡಿ ಮಣ್ಣು ಎಲ್ಲಿಂದ ಬಂತು? 14 ಅಡಿ ಉದ್ದ, 12 ಅಡಿ ಅಗಲ, 5 ಅಡಿ ಆಳದ ಗುಂಡಿಯಿಂದ. ಅದರಲ್ಲಿ ಸುಮಾರು 23,700 ಲೀಟರ್ ನೀರು ನಿಲ್ಲುತ್ತೆ. ಅಂದರೆ ಕಲಸಲು ಬಳಸಿದ್ದರ ಮೂರೂವರೆ ಪಟ್ಟು ನೀರಿಗೆ ಜಾಗ, ಬೇರೆ ಖರ್ಚಿಲ್ಲದೆ! ಅದಕ್ಕೇ ಎಲ್ಲಿ ಅಗೆಯಬೇಕು ಅನ್ನೋದನ್ನು ಮೊದಲೇ ಯೋಚಿಸಿ: ಗೋಡೆಯಿಂದ 20 ಅಡಿ ದೂರ, ಇಳಿಜಾರಿನ ಕಡೆ, ತೋಟಕ್ಕೆ ಹತ್ತಿರ.

ಚಾವಣಿ ನೀರನ್ನೂ ಅಲ್ಲಿಗೇ ಹರಿಸಿ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ಸುತ್ತ ಎರಡಡಿ ಸೂರು ಬಿಟ್ಟ ನಮ್ಮ ಹೆಂಚಿನ ಚಾವಣಿ 42 ಚದರ ಮೀಟರ್. 20 ಮಿ.ಮೀ. ಮಳೆಗೆ 840 ಲೀಟರ್, ಹೆಂಚು ಹೀರುವುದು, ಸಿಡಿಯುವುದು ಕಳೆದರೂ ಸುಮಾರು 650 ಲೀಟರ್. ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗುತ್ತೆ. ಅಂತರ್ಜಲಕ್ಕೆ ಹೋಗಲಿ ಅಂದರೆ ಹಾಗೇ ಬಿಡಿ, ನಿಲ್ಲಬೇಕು ಅಂದರೆ ಹೊಂಡಕ್ಕೆ ಹಾಸುವ ಶೀಟ್ ಹಾಕಿ. ಯಾವುದೇ ಆದರೂ ಸುತ್ತ ಬೇಲಿ ಕಡ್ಡಾಯ. ಊರಲ್ಲಿ ಮಕ್ಕಳಿದ್ದಾರೆ.

ತೋಟಕ್ಕೆ ಮಡಕೆ

ತರಕಾರಿಗೆ ಮಡಕೆ ನೀರಾವರಿ ಮಾಡಿದೆವು. ಬಣ್ಣ ಬಳಿಯದ ಆರು ಲೀಟರ್ ಮಡಕೆಯನ್ನು ಕಂಠದವರೆಗೆ ಹೂತು, ಒಂದು ಗೇಣು ದೂರದಲ್ಲಿ ನಾಲ್ಕು ಗಿಡ. ನಾಲ್ಕು ದಿನಕ್ಕೊಮ್ಮೆ ತುಂಬಿಸಿ ಮುಚ್ಚಳ ಹಾಕಿದರೆ ಸರಿ. 30 ಮಡಕೆಗೆ 180 ಲೀಟರ್, ಅಂದರೆ 120 ಗಿಡಕ್ಕೆ ದಿನಕ್ಕೆ 45 ಲೀಟರ್. ಬದನೆ, ಬೆಂಡೆ, ಮೆಣಸಿನಕಾಯಿ ಇದರಲ್ಲಿ ಬದುಕಿದವು. ಬುಡಕ್ಕೆ ತೆಂಗಿನ ಗರಿ, ಹೊಂಗೆ ಸೊಪ್ಪಿನ ಮುಚ್ಚಿಗೆ ಹಾಕಿದೆವು, ಇಲ್ಲೂ ಮೇವು ಮುಟ್ಟಲಿಲ್ಲ. ನೀರಿನಲ್ಲಿ ಉಪ್ಪಿನಂಶ ಜಾಸ್ತಿ ಇದ್ದರೆ ಮಡಕೆಯ ರಂಧ್ರ ಕಟ್ಟಿಕೊಳ್ಳುತ್ತೆ, ಬೆಳೆ ಮುಗಿದ ಮೇಲೆ ತೆಗೆದು ಉಜ್ಜಿ ತೊಳೆಯಿರಿ.

ಗೋಡೆ ಮುಗಿದ ಮೇಲೆ ಬಚ್ಚಲ ನೀರು ಬಾಳೆಗೆ ಹೋಗ್ತಿದೆ. ಸೊಪ್ಪು, ಮೂಲಂಗಿಯಂಥವಕ್ಕೆ ಮಾತ್ರ ಅದನ್ನು ಬಿಡಬೇಡಿ.

ಒಂದು ಗುಂಡಿಯಿಂದ ಊರಿನ ಬರ ನೀಗಲ್ಲ, ನಿಜ. ಆದರೆ ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆ, ಕೈಗಳು ಖಾಲಿ, ಬಿಸಿಲು ಗೋಡೆ ಒಣಗಿಸೋಕೆ ಹೇಳಿ ಮಾಡಿಸಿದ್ದು. ಕಟ್ಟುವ ಯೋಚನೆ ಇದ್ದರೆ ಈ ವಾರವೇ ನಿಮ್ಮ ಜಮೀನಿನ ಮೂರು ಕಡೆಯ ಮಣ್ಣು ತೆಗೆದು ಬಾಟಲಿ ಪರೀಕ್ಷೆ ಮಾಡಿ, ಫೋಟೋ ತೆಗೆದಿಟ್ಟುಕೊಂಡು ಹೋಲಿಸಿ ನೋಡಿ. ಮಣ್ಣು ಒಪ್ಪಿದ ಜಾಗದಲ್ಲೇ ನಿಮ್ಮ ಹೊಂಡಕ್ಕೂ ಗುರುತು ಹಾಕಿ.