ಆಯಾ ಕೆಲಸ ಮಾಡುತ್ತ ನರ್ಸ್ ಓದು

ನಾವು ಆಸ್ಪತ್ರೆಯ ಆಯಾಗಳು. ಕೆಲವು ಕಡೆ ನಮಗೆ ನರ್ಸಿಂಗ್ ಸಹಾಯಕಿ ಅಂತಾರೆ. ರೋಗಿಗಳು ‘ಸಿಸ್ಟರ್’ ಅಂತ ಕರೀತಾರೆ. ಆದರೆ ನಾವಿನ್ನೂ ನರ್ಸ್ ಅಲ್ಲ. ನರ್ಸ್ ಆಗಬೇಕು ಅಂತ ಓದುತ್ತಿದ್ದೇವೆ. ಆ ದಾರಿ ಎಂಥದು? ನಿಮಗೂ ಹೇಳುತ್ತೇವೆ, ಕೇಳಿ.

ನಮ್ಮ ಕೆಲಸ ಏನು?

ನಾವು ರೋಗಿಯ ಮೈ ಒರೆಸುತ್ತೇವೆ. ಹಾಸಿಗೆ ಬಟ್ಟೆ ಬದಲಿಸುತ್ತೇವೆ. ಗಂಜಿ ಕುಡಿಸುತ್ತೇವೆ. ಏಳಲಾರದವರಿಗೆ ಬೆಡ್‌ಪ್ಯಾನ್ ಇಡುತ್ತೇವೆ. ಇದಕ್ಕೆ ಕೆಲವರು ಮೂಗು ಮುರೀತಾರೆ. ಆದರೆ ಬರೀ ಔಷಧಿಯಿಂದ ರೋಗಿ ಎದ್ದು ಕೂರುವುದಿಲ್ಲ. ಆರೈಕೆಯೂ ಬೇಕು.

ಮಲಗಿದಲ್ಲೇ ಇರುವ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು. ಇದು ನಮ್ಮ ಕೈಗೆ ರೂಢಿ. ಯಾಕೆ ಅಂತ ಗೊತ್ತಿರಲಿಲ್ಲ. ರಕ್ತ ಓಡುವ ಪಾಠ ಓದಿದ ಮೇಲೆ ತಿಳಿಯಿತು. ಒಂದೇ ಕಡೆ ಭಾರ ಬಿದ್ದರೆ ಅಲ್ಲಿಗೆ ರಕ್ತ ಸರಿಯಾಗಿ ಹೋಗುವುದಿಲ್ಲ. ಚರ್ಮ ಸಾಯುತ್ತದೆ. ಹುಣ್ಣಾಗುತ್ತದೆ. ಆ ಹುಣ್ಣು ಮೂಳೆಯವರೆಗೂ ಇಳಿಯಬಹುದು. ಈಗ ಮಗ್ಗುಲು ಬದಲಿಸುವಾಗ ಸೊಂಟ, ಬೆನ್ನು, ಹಿಮ್ಮಡಿ ನೋಡುತ್ತೇವೆ. ಬಣ್ಣ ಬದಲಾಗಿದ್ದರೆ, ಮುಟ್ಟಿದರೆ ಬಿಸಿ ಇದ್ದರೆ, ಕೂಡಲೇ ನರ್ಸಿಗೆ ಹೇಳುತ್ತೇವೆ.

ಏನು ಮಾಡಬಾರದು?

ನಾವು ಸೂಜಿ ಚುಚ್ಚಬಾರದು. ಗ್ಲೂಕೋಸ್ ಬಾಟ್ಲಿ ಹಾಕಬಾರದು. ‘ಹತ್ತು ವರ್ಷದಿಂದ ನೋಡ್ತಿದೀಯಲ್ಲ, ನೀನೇ ಹಾಕು’ ಅಂತ ಯಾರೇ ಹೇಳಲಿ, ಒಪ್ಪಬಾರದು. ಔಷಧಿ ತಪ್ಪಿದರೆ, ಅಳತೆ ಹೆಚ್ಚಾದರೆ, ರೋಗಿಯ ಜೀವಕ್ಕೇ ಅಪಾಯ. ನೋಡಿ ಕಲಿತದ್ದು ಇದಕ್ಕೆ ಸಾಲದು.

ನರ್ಸ್ ಆಗುವುದು ಹೇಗೆ?

ಎಷ್ಟು ವರ್ಷ ಆಯಾ ಕೆಲಸ ಮಾಡಿದರೂ ಅದರಿಂದಲೇ ನರ್ಸ್ ಆಗುವುದಿಲ್ಲ. ಓದಿ ಪಾಸಾಗಬೇಕು.

ಮೊದಲು ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ. ಶಾಲೆ ಬಿಟ್ಟವರು ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು. ಮುಕ್ತ ಶಾಲೆಯಲ್ಲಿಯೂ ಓದಬಹುದು. ಇಷ್ಟನ್ನು ಕೆಲಸ ಬಿಡದೆಯೇ ಓದಬಹುದು. ನಾವೀಗ ಈ ಮೆಟ್ಟಿಲಲ್ಲಿ ಇದ್ದೇವೆ. ರಾತ್ರಿ ಪಾಳಿ ಮುಗಿಸಿ ಮಲಗುತ್ತೇವೆ. ಎದ್ದು ಒಂದು ಗಂಟೆ ಓದುತ್ತೇವೆ. ಆಮೇಲೆ ಒಲೆ ಹಚ್ಚುತ್ತೇವೆ. ಕಷ್ಟವೇ. ಒಬ್ಬರಿಗೊಬ್ಬರು ಪಾಠ ಹೇಳಿಕೊಟ್ಟರೆ ಸ್ವಲ್ಪ ಹಗುರ.

ಪಿಯುಸಿ ಆದ ಮೇಲೆ ಎರಡು ದಾರಿ. ಜಿ.ಎನ್.ಎಂ. ಓದು 3 ವರ್ಷ. ಇದಕ್ಕೆ ಪಿಯುಸಿಯಲ್ಲಿ ಶೇಕಡ 40 ಅಂಕ ಬೇಕು. ಇಂಗ್ಲಿಷಿನಲ್ಲೂ ಪಾಸಾಗಿರಬೇಕು. ಕಲಾ ವಿಭಾಗದವರೂ ಸೇರಬಹುದು. ಬಿ.ಎಸ್ಸಿ. ನರ್ಸಿಂಗ್ 4 ವರ್ಷ. ಇದಕ್ಕೆ ಪಿಯುಸಿಯಲ್ಲಿ ವಿಜ್ಞಾನ ಓದಿರಬೇಕು. ಎರಡಕ್ಕೂ 17 ವರ್ಷ ತುಂಬಿರಬೇಕು. ಹೆಚ್ಚು ವಯಸ್ಸಾದವರು ವಯಸ್ಸಿನ ಮಿತಿಯನ್ನು ಮೊದಲೇ ವಿಚಾರಿಸಬೇಕು.

ಇವು ಹಗಲೆಲ್ಲಾ ನಡೆಯುವ ಓದು. ಪಾಠವೂ ಇದೆ, ವಾರ್ಡಿನಲ್ಲಿ ಕಲಿಯುವುದೂ ಇದೆ. ಆಗ ಆಯಾ ಕೆಲಸ ನಡೆಸುವುದು ಕಷ್ಟ. ಅದಕ್ಕೇ ಈಗಿನಿಂದಲೇ ಸಂಘದಲ್ಲಿ ಉಳಿತಾಯ ಮಾಡುತ್ತಿದ್ದೇವೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗದವರಿಗೆ ಸರ್ಕಾರದ ವಿದ್ಯಾರ್ಥಿವೇತನ ಉಂಟು. ಅರ್ಜಿ ಹಾಕಬೇಕು.

ಓದು ಮುಗಿದ ಮೇಲೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಆಗಲೇ ನಾವು ನರ್ಸ್.

ಮೋಸ ಹೋಗಬೇಡಿ

‘ಆರೇ ತಿಂಗಳಲ್ಲಿ ನರ್ಸ್ ಮಾಡ್ತೀವಿ, ದುಡ್ಡು ಕಟ್ಟಿ’ ಅನ್ನುವವರು ಇದ್ದಾರೆ. ಆರು ತಿಂಗಳ ತರಬೇತಿಯಿಂದ ಒಳ್ಳೆಯ ಸಹಾಯಕಿ ಆಗಬಹುದು, ನರ್ಸ್ ಆಗುವುದಿಲ್ಲ. ಸೇರುವ ಮುಂಚೆ ಆ ಶಾಲೆಗೆ ಮಾನ್ಯತೆ ಇದೆಯೇ ಅಂತ ಕೌನ್ಸಿಲ್‌ನಲ್ಲಿ ಕೇಳಿ. ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. ಓದದೆ ಸಹಿ ಹಾಕಬೇಡಿ. ಅಕ್ಕಂದಿರೇ, ನಾವು ಅಕ್ಷರ ಕಲಿತದ್ದು ಇದಕ್ಕೂ ಹೌದಲ್ಲವೇ?