ತೂಕಡಿಸುವ ಚಾಲಕನಿಗೆ ಯಂತ್ರದ ಕಾವಲು

ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥದಂಥ ಊರುಗಳಿಂದ ಪೇಟೆಗೆ ಹೊರಡುವ ಚಕ್ಕಡಿಗಳು ಹಿಂದೆ ರಾತ್ರಿಯೇ ದಾರಿ ಹಿಡಿಯುತ್ತಿದ್ದವು. ಬಿಸಿಲೇರುವ ಮೊದಲು ಹಾವೇರಿಯನ್ನೋ ರಾಣೆಬೆನ್ನೂರನ್ನೋ ಮುಟ್ಟಬೇಕಿತ್ತು. ಚಕ್ಕಡಿ ಹೊಡೆಯುವವನು ಹೇರಿನ ಮೇಲೆಯೇ ಕಂಬಳಿ ಹೊದ್ದು ಕಣ್ಣು ಮುಚ್ಚಿದರೂ ಎತ್ತುಗಳು ರೂಢಿಯ ದಾರಿ ಬಿಡುತ್ತಿರಲಿಲ್ಲ. ಎದುರಿಗೆ ಏನಾದರೂ ಅಡ್ಡವಾದರೆ ತಾವೇ ನಿಲ್ಲುತ್ತಿದ್ದವು. ಹೊಡೆಯುವವನು ಮಲಗಿದ್ದರೂ ವಾಹನ ಎಚ್ಚರವಾಗಿತ್ತು ಎಂದರೆ ತಪ್ಪಾಗದು. ಇದೇ ಜಿಲ್ಲೆಯನ್ನು ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯ ವಾಹನಗಳಿಗೆ ಆ ಗುಣವಿಲ್ಲ. ಚಾಲಕನ ರೆಪ್ಪೆ ಮುಚ್ಚಿದೊಡನೆ ಅವೂ ಕುರುಡಾಗುತ್ತವೆ.

2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ ನಡೆದದ್ದನ್ನು ಈ ಭಾಗದ ಜನ ಮರೆತಿಲ್ಲ. ದೇವರ ದರ್ಶನ ಮುಗಿಸಿ ಊರಿಗೆ ಮರಳುತ್ತಿದ್ದ ಭದ್ರಾವತಿ ತಾಲ್ಲೂಕಿನ ಎಮ್ಮೆಹಟ್ಟಿಯ ಜನರಿದ್ದ ಟೆಂಪೊ ಟ್ರಾವೆಲರ್, ನಿಂತಿದ್ದ ಲಾರಿಗೆ ಹಿಂದಿನಿಂದ ಡಿಕ್ಕಿ ಹೊಡೆಯಿತು. 13 ಮಂದಿ ಸತ್ತರು. ಆಗ ಸಮಯ ಬೆಳಗಿನ ನಾಲ್ಕರ ಆಸುಪಾಸು. ಚಾಲಕನಿಗೆ ನಿದ್ದೆಯ ಮಂಪರು ಹತ್ತಿರಬಹುದು ಎಂಬ ಶಂಕೆ ಅಂದೇ ವ್ಯಕ್ತವಾಗಿತ್ತು.

ಈ ಹೊತ್ತನ್ನು ಗಮನಿಸಬೇಕು. ನಮ್ಮ ಶರೀರದೊಳಗೆ ಒಂದು ಗಡಿಯಾರವಿದೆ. ಅದರ ಪ್ರಕಾರ ರಾತ್ರಿ ಎರಡರಿಂದ ಬೆಳಗಿನ ಆರರವರೆಗೆ ಎಚ್ಚರ ಅತ್ಯಂತ ಕೆಳಮಟ್ಟದಲ್ಲಿರುತ್ತದೆ. ಮಧ್ಯಾಹ್ನದ ಊಟದ ನಂತರ ಇನ್ನೊಂದು ಸಣ್ಣ ಇಳಿತ. ಈಗ ನಕ್ಷೆಯನ್ನು ಬಿಡಿಸಿ ನೋಡಿ. ರಾತ್ರಿ ಹತ್ತಕ್ಕೆ ಬೆಂಗಳೂರು ಬಿಟ್ಟ ವಾಹನ ಗಂಟೆಗೆ 60 ಕಿ.ಮೀ. ಲೆಕ್ಕದಲ್ಲಿ ಓಡಿದರೆ ಸುಮಾರು 300 ಕಿ.ಮೀ. ದೂರದ ರಾಣೆಬೆನ್ನೂರನ್ನು ಮುಟ್ಟುವುದು ಮೂರು ಗಂಟೆಗೆ. ಅಲ್ಲಿಂದ ಮೋಟೆಬೆನ್ನೂರು, ಹಾವೇರಿ ದಾಟುವಾಗ ನಾಲ್ಕರ ಸಮೀಪ. ದಾರಿ ನೇರ, ಸಮತಟ್ಟು, ನೋಡಲು ಕತ್ತಲೆಯ ಹೊರತು ಏನೂ ಇಲ್ಲ. ಇದರ ಜೊತೆಗೆ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಸುಗ್ಗಿ ಬಂತೆಂದರೆ ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯ ಚೀಲ ಹೇರಿದ ಲಾರಿಗಳೂ ಇರುಳಿಡೀ ಓಡಿ ಬರುತ್ತವೆ.

ತೂಕಡಿಕೆಯೆಂದರೆ ಗೊರಕೆ ಹೊಡೆಯುವ ನಿದ್ದೆಯೇ ಆಗಬೇಕಿಲ್ಲ. ಮೂರು-ನಾಲ್ಕು ಸೆಕೆಂಡು ಮಿದುಳು ಕೆಲಸ ಬಿಟ್ಟರೆ ಸಾಕು. 80 ಕಿ.ಮೀ. ವೇಗದಲ್ಲಿರುವ ವಾಹನ ನಾಲ್ಕು ಸೆಕೆಂಡಿನಲ್ಲಿ ಸುಮಾರು 90 ಮೀಟರ್ ಕ್ರಮಿಸಿರುತ್ತದೆ. ಹಾಗೆ ಕಣ್ಣು ಮುಚ್ಚಿತ್ತೆಂಬುದು ಎಷ್ಟೋ ಸಲ ಚಾಲಕನಿಗೇ ತಿಳಿದಿರುವುದಿಲ್ಲ. ಸತತ 17 ಗಂಟೆ ಎಚ್ಚರವಿದ್ದವನ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇದ್ದವನ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿಕೊಟ್ಟರು. ಆದರೆ ಕುಡಿದವನನ್ನು ಊದಿಸಿ ಹಿಡಿಯಬಹುದು, ನಿದ್ದೆಗೆಟ್ಟವನನ್ನು ಹಾಗೆ ಹಿಡಿಯುವಂತಿಲ್ಲ. ಕೇಂದ್ರ ಸರ್ಕಾರದ ವಾರ್ಷಿಕ ಅಪಘಾತ ವರದಿಯಲ್ಲಿ ನಿಯಮ ಉಲ್ಲಂಘನೆಗಳ ಪಟ್ಟಿಯೊಂದಿದೆ. ಅದರಲ್ಲಿ ಅತಿವೇಗಕ್ಕೆ, ಮದ್ಯಕ್ಕೆ, ಮೊಬೈಲಿಗೆ ಪ್ರತ್ಯೇಕ ಕಾಲಂಗಳಿವೆ. ನಿದ್ದೆಗೆ ಇಲ್ಲ. ಲೆಕ್ಕಕ್ಕೇ ಬಾರದ ಸಾವಿಗೆ ಮದ್ದು ಹುಡುಕುವವರು ಯಾರು?

ಹುಡುಕಾಟ ನಡೆದೇ ಇಲ್ಲ ಎನ್ನುವಂತಿಲ್ಲ. ಚಾಲಕನ ಎದುರಿಗೆ ಒಂದು ಪುಟ್ಟ ಕ್ಯಾಮೆರಾ ಕೂರಿಸುವುದು ಈಗ ಬಳಕೆಗೆ ಬಂದಿರುವ ವಿಧಾನ. ಅದು ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಲ್ಲಿ ಕೆಲಸ ಮಾಡುವುದರಿಂದ ಕತ್ತಲೆಯಲ್ಲೂ ಮುಖ ಕಾಣುತ್ತದೆ. ರೆಪ್ಪೆ ಒಂದು ನಿಮಿಷದಲ್ಲಿ ಎಷ್ಟು ಹೊತ್ತು ಮುಚ್ಚಿತ್ತು, ತಲೆ ವಾಲಿತೇ, ಆಕಳಿಕೆ ಹೆಚ್ಚಾಯಿತೇ ಎಂದು ಯಂತ್ರ ಲೆಕ್ಕ ಹಾಕುತ್ತದೆ. ಇನ್ನೊಂದು ವಿಧಾನಕ್ಕೆ ಕ್ಯಾಮೆರಾ ಬೇಕಿಲ್ಲ, ಸ್ಟೇರಿಂಗ್ ಸಾಕು. ಎಚ್ಚರವಿರುವ ಚಾಲಕ ತನಗೇ ಅರಿವಿಲ್ಲದಂತೆ ಸ್ಟೇರಿಂಗನ್ನು ಸದಾ ಕೂದಲೆಳೆಯಷ್ಟು ಅತ್ತಿತ್ತ ತಿದ್ದುತ್ತಿರುತ್ತಾನೆ. ಮಂಪರು ಹತ್ತಿದಾಗ ಆ ತಿದ್ದುವಿಕೆ ನಿಂತು, ಬಳಿಕ ಒಮ್ಮೆಲೇ ಜೋರಾಗಿ ಎಳೆದುಕೊಳ್ಳುತ್ತಾನೆ. ಯಂತ್ರ ಇದನ್ನು ಗುರುತಿಸಿ ಕೂಗುತ್ತದೆ, ಕೆಲವು ವಾಹನಗಳಲ್ಲಿ ಸೀಟನ್ನೇ ನಡುಗಿಸುತ್ತದೆ. ಮೂರನೆಯದು ಮುಂದಿನ ದಾರಿಯನ್ನು ನೋಡುವ ಸಾಧನ. ನಿಂತ ವಾಹನ ಎದುರಾದರೆ ಎಚ್ಚರಿಸಿ, ಚಾಲಕ ಸುಮ್ಮನಿದ್ದರೆ ತಾನೇ ಬ್ರೇಕ್ ಹಾಕುವ ಬಗೆಯದೂ ಇದರಲ್ಲುಂಟು. ಚಕ್ಕಡಿಯ ಎತ್ತಿಗೆ ಹತ್ತಿರವಾದದ್ದು ಇದೇ.

ಯುರೋಪಿನ ಒಕ್ಕೂಟವು ತೂಕಡಿಕೆ ಎಚ್ಚರಿಕೆಯನ್ನು 2022ರ ಜುಲೈನಿಂದ ಹೊಸ ಮಾದರಿಗಳಿಗೆ, 2024ರ ಜುಲೈನಿಂದ ಎಲ್ಲ ಹೊಸ ವಾಹನಗಳಿಗೆ ಕಡ್ಡಾಯ ಮಾಡಿತು. ನಮ್ಮಲ್ಲಿ ನಾಗಪುರದ ನಗರ ಬಸ್ಸುಗಳಲ್ಲಿ 2021ರಲ್ಲಿ ಇಂಥ ಎಚ್ಚರಿಕೆ ಸಾಧನಗಳ ಪ್ರಯೋಗ ಆರಂಭವಾಯಿತು. ಕೆಎಸ್‌ಆರ್‌ಟಿಸಿಯೂ ಕೆಲವು ಬಸ್ಸುಗಳಲ್ಲಿ ಅಳವಡಿಸಿ ನೋಡಿದೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊರಡಿಸಿದ ಕರಡು ಅಧಿಸೂಚನೆಯು ಬಸ್ಸು ಮತ್ತು ದೊಡ್ಡ ಲಾರಿಗಳಲ್ಲಿ ಇವನ್ನು 2026ರಿಂದ ಹಂತಹಂತವಾಗಿ ಕಡ್ಡಾಯ ಮಾಡುವ ಪ್ರಸ್ತಾವ ಹೊಂದಿತ್ತು. ಅದು ಕಾರ್ಖಾನೆಯಿಂದ ಹೊಸದಾಗಿ ಬರುವ ವಾಹನಗಳ ಮಾತು. ರಸ್ತೆಯ ಮೇಲಿರುವ ಹಳೆಯ ಲಾರಿಗಳ ಗತಿ ಬೇರೆ.

ಯಂತ್ರಕ್ಕೂ ಮಿತಿಗಳಿವೆ. ಎದುರಿನವನ ಹೈಬೀಮ್ ಹೆಡ್‌ಲೈಟಿಗೆ ಕಣ್ಣು ಕಿರಿದು ಮಾಡಿದರೂ ಅದು ಕೂಗಬಹುದು. ಪದೇಪದೇ ಕೂಗುವುದನ್ನು ಕೇಳಿ ಬೇಸತ್ತ ಚಾಲಕ ಕ್ಯಾಮೆರಾದ ಮೇಲೆ ಬಟ್ಟೆ ಹಾಕಿದರೆ ಮುಗಿಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಸಾಧನ ನಿದ್ದೆಯಿಂದ ಎಬ್ಬಿಸಬಲ್ಲದು, ನಿದ್ದೆಯನ್ನು ಕೊಡಲಾರದು. ಎಬ್ಬಿಸಿದ ಮೇಲೂ ಬೆಳಗ್ಗೆ ಇಷ್ಟು ಹೊತ್ತಿಗೆ ಸರಕು ಇಳಿಯಲೇಬೇಕೆಂಬ ಮಾಲೀಕನ ಫೋನು ಬರುತ್ತಿದ್ದರೆ, ಆ ಕೂಗು ಚಹಾದಂತೆ ಇನ್ನೊಂದು ಗಂಟೆ ಓಡಿಸುವ ಉಪಾಯವಷ್ಟೇ ಆದೀತು.

ಹಿಂದೆ ಲಾರಿಯಲ್ಲಿ ಕ್ಲೀನರ್ ಹುಡುಗನಿರುತ್ತಿದ್ದ. ಗಾಲಿಗೆ ಕಲ್ಲು ಕೊಡುವುದರ ಜೊತೆಗೆ ರಾತ್ರಿಯಿಡೀ ಡ್ರೈವರನನ್ನು ಮಾತಿಗೆಳೆಯುವುದೂ ಅವನ ಕೆಲಸ. ಖರ್ಚು ಉಳಿಸಲು ಎಷ್ಟೋ ಕಡೆ ಅವನನ್ನು ಬಿಡಲಾಯಿತು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರಿರಬೇಕೆಂಬ ನಿಯಮವೂ 2018ರಲ್ಲಿ ಸಡಿಲವಾಯಿತು. ಮನುಷ್ಯರನ್ನು ಇಳಿಸಿದ ಮೇಲೆ ಅವರ ಜಾಗಕ್ಕೆ ಕ್ಯಾಮೆರಾ ಬರುತ್ತಿದೆ.

ದುಡಿಮೆಯ ಹೊತ್ತಿಗೆ ಕಾನೂನಿಲ್ಲವೆಂದಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು 2025ರಲ್ಲಿ ರದ್ದಾಗುವವರೆಗೆ ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತ್ತು. ಐದು ಗಂಟೆ ಓಡಿಸಿದವನಿಗೆ ಅರ್ಧ ಗಂಟೆ ವಿರಾಮ ಕೊಡಬೇಕಿತ್ತು. 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಇದೇ ಹೊತ್ತುಗಳನ್ನು ಎತ್ತಿಹಿಡಿದಿತ್ತು. ಬೆಂಗಳೂರಿನಿಂದ ರಾಣೆಬೆನ್ನೂರಿಗೆ ಸರಿಯಾಗಿ ಐದು ಗಂಟೆಯ ಓಟ ಎಂಬುದನ್ನು ಇಲ್ಲಿ ನೆನೆಯಬಹುದು. ಯುರೋಪಿನ ಲಾರಿಗಳಲ್ಲಿ ಓಡಿಸಿದ ಹೊತ್ತನ್ನು ದಾಖಲಿಸುವ ಟ್ಯಾಕೊಗ್ರಾಫ್ ಎಂಬ ಪೆಟ್ಟಿಗೆ ಬಂದು ಅರ್ಧ ಶತಮಾನವೇ ಆಯಿತು. ಪೊಲೀಸರು ಅದನ್ನು ತೆರೆದು ನೋಡಿದರೆ ನಾಲ್ಕೂವರೆ ಗಂಟೆ ಓಡಿಸಿದವನು 45 ನಿಮಿಷ ನಿಂತನೇ ಇಲ್ಲವೇ ಎಂಬುದು ಗೊತ್ತಾಗುತ್ತದೆ. ಅಲ್ಲಿ ಉತ್ತರ ಹೇಳಬೇಕಾದವರಲ್ಲಿ ಸಾರಿಗೆ ಕಂಪನಿಯೂ ಸೇರುತ್ತದೆ. ಕಣ್ಣು ನೋಡುವ ಕ್ಯಾಮೆರಾಕ್ಕಿಂತ ಈ ಹಳೆಯ ಪೆಟ್ಟಿಗೆಯೇ ನಮಗೆ ಮೊದಲು ಬೇಕಿತ್ತೇನೋ.

ಇನ್ನು ಎಚ್ಚರಿಕೆ ಕೇಳಿದ ಚಾಲಕ ನಿಲ್ಲಿಸುವುದಾದರೂ ಎಲ್ಲಿ? ಡಾಬಾದ ಅಂಗಳ ತುಂಬಿದ್ದರೆ ಹೆದ್ದಾರಿಯ ಅಂಚೇ ಗತಿ. ಹಿಂದಿನ ದೀಪ ಕೆಟ್ಟು, ಪ್ರತಿಫಲನ ಪಟ್ಟಿ ಧೂಳು ಹಿಡಿದಿದ್ದರೆ, ಮಲಗಲು ನಿಂತ ಆ ಲಾರಿಯೇ ಹಿಂದಿನಿಂದ ಮಂಪರಿನಲ್ಲಿ ಬರುವ ಇನ್ನೊಬ್ಬನಿಗೆ ಗೋಡೆಯಾಗುತ್ತದೆ.